ಸಂಚಾರಿ ಗೃಹದ ವಿದ್ಯುತ್ಸಂಗ್ರಹ: ಸೂರ್ಯನಿಂದಲೂ ಎಂಜಿನ್ನಿನಿಂದಲೂ

ನಡೆಯುವ ಮನೆಯೆಂಬುದು ನಮ್ಮ ಜನಕ್ಕೆ ತೀರ ಹೊಸದಾದ ಕಲ್ಪನೆಯೇನೂ ಅಲ್ಲ. ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹರಡಿ, ಬುತ್ತಿಯ ಗಂಟಿನೊಡನೆ ಜಾತ್ರೆಗೆ ಹೊರಡುತ್ತಿದ್ದ ಕುಟುಂಬಗಳು ಮೂರು ನಾಲ್ಕು ರಾತ್ರಿಗಳನ್ನು ಗಾಡಿಯಲ್ಲಿಯೇ ಕಳೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಸಂಸಾರದ ಬೆಳಕಿನ ಸಮಸ್ಯೆಯನ್ನು ಅಚ್ಚಿನ ಕೆಳಗೆ ತೂಗುಹಾಕಿದ ಒಂದು ಲಾಟೀನು ಪರಿಹರಿಸುತ್ತಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಇದೇ ಕಲ್ಪನೆ ಎಂಜಿನ್ನಿನ ವಾಹನವನ್ನು ಆಶ್ರಯಿಸಿ ಬೆಳೆಯಿತು. ಜರ್ಮನಿಯಲ್ಲಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ವೆಸ್ಟ್‌ಫಾಲಿಯಾ ಸಂಸ್ಥೆ ಮನೆಯ ಸಲಕರಣೆಗಳನ್ನು ಅಳವಡಿಸಿಕೊಟ್ಟ ಮೇಲೆ, ‘ಕ್ಯಾಂಪರ್ ವ್ಯಾನ್’ ಎಂಬ ಈ ಸಂಚಾರಿ ಗೃಹ ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಜನಪ್ರಿಯವಾಯಿತು. ಇಂದು ಅದರಲ್ಲಿ ಹಾಸಿಗೆ ಮಾತ್ರವಲ್ಲ; ತಂಗಳುಪೆಟ್ಟಿಗೆ, ನೀರೆತ್ತುವ ಪಂಪು, ಕಂಪ್ಯೂಟರು, ಚಳಿಗಾಲದ ಬಿಸಿಗಾಳಿಯ ಯಂತ್ರ ಎಲ್ಲವೂ ಉಂಟು. ಇವೆಲ್ಲಕ್ಕೂ ವಿದ್ಯುತ್ತು ಬೇಕು, ಲಾಟೀನಿನಿಂದ ಸಾಗದು.

ನಮ್ಮ ಶಾಲೆಯ ಅಂಗಳದಲ್ಲಿ ಆಡಿ ಬೆಳೆದ ಎಷ್ಟೋ ವಿದ್ಯಾರ್ಥಿಗಳು ಈಗ ಆ ದೇಶಗಳಲ್ಲಿ ನೆಲಸಿದ್ದಾರೆ. ಅವರಲ್ಲಿ ಕೆಲವರು ರಜೆಯ ದಿನಗಳಲ್ಲಿ ಮಡದಿ ಮಕ್ಕಳೊಡನೆ ಇಂಥ ವಾಹನಗಳಲ್ಲಿ ಸಂಚರಿಸುತ್ತಾರೆ. ಅವರೊಡನೆ ನಡೆದ ಮಾತುಕತೆಗಳೇ ಪ್ರಕೃತ ಲೇಖನಕ್ಕೆ ಪ್ರೇರಣೆ. ಕನ್ನಡ ಪಂಡಿತನಿಗೆ ಬ್ಯಾಟರಿಯ ಉಸಾಬರಿ ಏಕೆಂದು ಕೆಲವರು ಕೇಳಬಹುದು. ತಾಯ್ನುಡಿಯಲ್ಲಿ ಹೇಳಲಾಗದ ವಿದ್ಯೆ ಪೂರ್ಣವಾಗಿ ನಮ್ಮದಾಗಲಾರದು ಎಂಬುದೇ ಅದಕ್ಕೆ ಉತ್ತರ. ಮೇಲಾಗಿ, ಈ ವಿಷಯದಲ್ಲಿ ಅರೆತಿಳಿವಳಿಕೆ ವಾಹನವನ್ನೂ ಒಮ್ಮೊಮ್ಮೆ ಪ್ರಾಣವನ್ನೂ ಅಪಾಯಕ್ಕೆ ಒಡ್ಡಬಲ್ಲುದು.

ಸೀಸದ ಬ್ಯಾಟರಿ, ಲಿಥಿಯಂ ಬ್ಯಾಟರಿ

ಮೊದಲು ಸಂಗ್ರಹದ ಸ್ವರೂಪವನ್ನು ನೋಡೋಣ. ವಾಹನಗಳಲ್ಲಿ ಸಾಮಾನ್ಯವಾಗಿ ಇರುವ ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ರೂಪಿಸಿದನು. ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚಿನ ಆರು ಕೋಶಗಳು ಒಂದಕ್ಕೊಂದು ಜೋಡಣೆಯಾಗಿ ಹನ್ನೆರಡು ವೋಲ್ಟಿನ ಬ್ಯಾಟರಿಯಾಗುತ್ತದೆ. ಇದು ಗಟ್ಟಿಮುಟ್ಟು, ಬೆಲೆಯೂ ಕಡಿಮೆ; ಆದರೆ ತೂಕ ಬಹಳ. ಇದರ ಸಂಗ್ರಹದ ಅರ್ಧಕ್ಕಿಂತ ಹೆಚ್ಚನ್ನು ಪದೇ ಪದೇ ಬಳಸಿದರೆ ಆಯುಷ್ಯ ಕುಗ್ಗುತ್ತದೆ. ತುಂಬುವಾಗ ಕೊನೆಯ ಐದನೆಯ ಒಂದು ಪಾಲು ತುಂಬಲು ಹಲವು ಗಂಟೆಗಳು ಬೇಕು.

‘ಲಿಥಿಯಂ’ ಎಂಬ ಹೆಸರು ಗ್ರೀಕ್ ಭಾಷೆಯ ‘ಲಿಥೋಸ್’ ಎಂಬ ಶಬ್ದದಿಂದ ಬಂದುದು. ಅದಕ್ಕೆ ಕಲ್ಲು ಎಂದರ್ಥ. ಸ್ವೀಡನ್ನಿನ ಆರ್ಫ್‌ವೆಡ್‌ಸನ್ 1817ರಲ್ಲಿ ಖನಿಜಶಿಲೆಯೊಂದರಲ್ಲಿ ಇದನ್ನು ಕಂಡುಹಿಡಿದುದರಿಂದ ಆ ಹೆಸರಾಯಿತು. ಕಲ್ಲಿನಲ್ಲಿ ಹುಟ್ಟಿದರೂ ಇದು ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸಾಧ್ಯವಾಗಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಸಂಚಾರಿ ಗೃಹಗಳಲ್ಲಿ ಇಂದು ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಎಂಬ ಪ್ರಭೇದ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಪ್ರಕಟವಾದ ಅದರ ಮೂಲ ಪ್ರಬಂಧದ ಲೇಖಕರು ಮೂವರು: ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಇವುಗಳಲ್ಲಿ ನಡುವಿನ ಹೆಸರು ಕನ್ನಡಿಗರ ಕಿವಿಗೆ ಎಷ್ಟು ಆಪ್ತವೆಂಬುದನ್ನು ಹೇಳಬೇಕಾಗಿಲ್ಲ.

ಈ ಪ್ರಭೇದದ ಒಂದು ಕೋಶ 3.2 ವೋಲ್ಟಿನದು, ನಾಲ್ಕು ಕೋಶ ಸೇರಿದರೆ 12.8 ವೋಲ್ಟು. ನೂರು ಆಂಪೇರ್-ಗಂಟೆಯ ಸೀಸದ ಬ್ಯಾಟರಿ ಇಪ್ಪತ್ತೇಳು ಇಪ್ಪತ್ತೆಂಟು ಕಿಲೋಗ್ರಾಂ ತೂಗಿದರೆ, ಅಷ್ಟೇ ಸಂಗ್ರಹದ ಲಿಥಿಯಂ ಬ್ಯಾಟರಿ ಹನ್ನೆರಡು ಕಿಲೋಗ್ರಾಮಿನ ಆಸುಪಾಸು ಮಾತ್ರ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು. ಸೀಸದ್ದು ಕೆಲವು ನೂರು ಬಾರಿ ತುಂಬಿ ಬರಿದಾಗುವಷ್ಟರಲ್ಲಿ ಸೋತರೆ, ಇದು ಎರಡು ಸಾವಿರಕ್ಕೂ ಮಿಕ್ಕಿ ಬಾಳುತ್ತದೆ.

ಇಲ್ಲಿ ‘ಆಂಪೇರ್-ಗಂಟೆ’ ಎಂಬ ಮಾತನ್ನು ಬಿಡಿಸಿ ಹೇಳುವುದು ಲೇಸು. ಆಂಪೇರ್ ಎಂಬುದು ಹರಿವಿನ ಪ್ರಮಾಣ. ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬಂತೆ. ವೋಲ್ಟ್ ಎಂಬುದು ಒತ್ತಡ. ನೀರು ಎಷ್ಟು ಎತ್ತರದಿಂದ ಇಳಿಯುತ್ತಿದೆ ಎಂಬಂತೆ. ಒಂದು ಆಂಪೇರ್ ಹರಿವು ಒಂದು ಗಂಟೆ ಸಾಗಿದರೆ ಒಂದು ಆಂಪೇರ್-ಗಂಟೆ. ಬ್ಯಾಟರಿ ಎಂಬುದು ಕೆರೆಯಾದರೆ ಇದು ಆ ಕೆರೆಯ ಅಳತೆ.

ಎರಡು ಮೂಲಗಳು ಏಕೆ?

ಒಂದು ಸಣ್ಣ ಕುಟುಂಬದ ದಿನದ ವೆಚ್ಚವನ್ನು ಲೆಕ್ಕ ಹಾಕೋಣ. ತಂಗಳುಪೆಟ್ಟಿಗೆಗೆ 35, ದೀಪಗಳಿಗೆ 5, ನೀರಿನ ಪಂಪಿಗೆ 3, ಫೋನು ಕಂಪ್ಯೂಟರುಗಳಿಗೆ 12, ಬಿಸಿಗಾಳಿಯ ಯಂತ್ರದ ಬೀಸಣಿಗೆಗೆ 10: ಒಟ್ಟು 65 ಆಂಪೇರ್-ಗಂಟೆ. ನೂರರ ಬ್ಯಾಟರಿಯೊಂದಿದ್ದರೆ ಒಂದು ದಿನಕ್ಕೆ ಸಾಕು. ಆದರೆ ಮರುದಿನಕ್ಕೆ ಅದು ತುಂಬಿರಬೇಕು.

ವ್ಯಾನಿನ ಮಾಡಿನ ಮೇಲೆ 200 ವಾಟಿನ ಸೌರಫಲಕವನ್ನು ಚಪ್ಪಟೆಯಾಗಿ ಕೂರಿಸಿದೆ ಎನ್ನೋಣ. ಜರ್ಮನಿಯ ಜೂನ್ ತಿಂಗಳಲ್ಲಿ ಹಗಲು ದೀರ್ಘ. ಇಡೀ ದಿನದ ಬಿಸಿಲನ್ನು ಕೂಡಿಸಿದರೆ ಪೂರ್ಣಪ್ರಖರತೆಯ ಐದು ಗಂಟೆಗೆ ಸಮ. ನಷ್ಟಗಳನ್ನು ಕಳೆದರೆ ಸುಮಾರು 750 ವಾಟ್-ಗಂಟೆ, ಅಂದರೆ 58 ಆಂಪೇರ್-ಗಂಟೆ ದೊರೆಯುತ್ತದೆ. ಬೇಸಗೆಯಲ್ಲಿ ಬಿಸಿಗಾಳಿಯ ಯಂತ್ರದ ವೆಚ್ಚವಿಲ್ಲದುದರಿಂದ ಇಷ್ಟರಿಂದಲೇ ಸಂಸಾರ ತೂಗುತ್ತದೆ. ಆದರೆ ಅದೇ ನೆಲದ ಡಿಸೆಂಬರಿನಲ್ಲಿ ಸೂರ್ಯನು ದಿಗಂತದ ಮೇಲೆ ತುಸುವೇ ಏರಿ ಇಳಿಯುತ್ತಾನೆ. ಆಗ ದೊರೆಯುವುದು ಬೇಸಗೆಯ ಹತ್ತನೆಯ ಒಂದು ಪಾಲಿನ ಆಸುಪಾಸು, ಐದಾರು ಆಂಪೇರ್-ಗಂಟೆ. ಬೆಚ್ಚಗಿರಲು ವಿದ್ಯುತ್ತು ಹೆಚ್ಚು ಬೇಕಾದ ಕಾಲದಲ್ಲಿಯೇ ಸೂರ್ಯನ ಕೊಡುಗೆ ಅತ್ಯಲ್ಪ.

ಎಂಜಿನ್ನಿನ ಸ್ವಭಾವ ಇದಕ್ಕೆ ವಿರುದ್ಧ. ಅದು ಋತುವನ್ನು ನೋಡದು. ವಾಹನ ಚಲಿಸಿದಾಗಲೆಲ್ಲ ಕೊಡುತ್ತದೆ. ಮೂವತ್ತು ಆಂಪೇರಿನಂತೆ ಎರಡು ಗಂಟೆ ಪಯಣಿಸಿದರೆ 60 ಆಂಪೇರ್-ಗಂಟೆ ತುಂಬಿತು. ಆದರೆ ಒಂದೇ ಕಡೆ ನಾಲ್ಕು ದಿನ ತಂಗಿದರೆ ಎಂಜಿನ್ನು ಮೌನ. ಆಗ ಸೂರ್ಯನೇ ಗತಿ. ನಿಂತಾಗ ಒಬ್ಬನು, ನಡೆದಾಗ ಇನ್ನೊಬ್ಬನು. ಈ ಪರಸ್ಪರ ಪೂರಕತ್ವವೇ ಎರಡನ್ನೂ ಜೋಡಿಸುವುದರ ತಾತ್ಪರ್ಯ.

ಸೂರ್ಯನ ಹಾದಿ

ಸೌರಫಲಕವನ್ನು ನೇರವಾಗಿ ಬ್ಯಾಟರಿಗೆ ಕಟ್ಟಲಾಗದು. ನಡುವೆ ನಿಯಂತ್ರಕವೊಂದು ಬೇಕು. ‘ಎಂ.ಪಿ.ಪಿ.ಟಿ.’ ಎಂದು ಕರೆಯಲ್ಪಡುವ ಬಗೆ ಇವುಗಳಲ್ಲಿ ಉತ್ತಮ. ಫಲಕವು 18 ವೋಲ್ಟಿನಲ್ಲಿ 11 ಆಂಪೇರ್ ಕೊಡುವಾಗ ಅದರ ಶಕ್ತಿ ಸುಮಾರು 200 ವಾಟು. ಬ್ಯಾಟರಿಗೆ ಬೇಕಾದುದು 14 ವೋಲ್ಟು. ಈ ನಿಯಂತ್ರಕವು ಹೆಚ್ಚುವರಿ ಒತ್ತಡವನ್ನು ವ್ಯರ್ಥ ಮಾಡದೆ ಹರಿವಾಗಿ ಪರಿವರ್ತಿಸಿ ಸುಮಾರು 14 ಆಂಪೇರನ್ನು ಒಳಗೆ ಬಿಡುತ್ತದೆ. ಮೋಡ ಕವಿದರೂ ಬಿಸಿಲು ಬಂದರೂ ಆಯಾ ಕ್ಷಣದಲ್ಲಿ ಯಾವ ಒತ್ತಡದಲ್ಲಿ ಗರಿಷ್ಠ ಶಕ್ತಿ ದೊರೆಯುವುದೆಂದು ಅದು ಸದಾ ಹುಡುಕುತ್ತಿರುತ್ತದೆ.

ಜೋಡಿಸುವಾಗ ಒಂದು ಕ್ರಮವುಂಟು: ಮೊದಲು ಬ್ಯಾಟರಿಯನ್ನು ನಿಯಂತ್ರಕಕ್ಕೆ ಸೇರಿಸಿ, ಅನಂತರ ಫಲಕವನ್ನು ಸೇರಿಸಬೇಕು. ಬಿಚ್ಚುವಾಗ ಮೊದಲು ಫಲಕ, ಅನಂತರ ಬ್ಯಾಟರಿ. ಬ್ಯಾಟರಿಯ ಆಧಾರವಿಲ್ಲದೆ ಫಲಕದ ಒತ್ತಡವನ್ನು ಎದುರಿಸಿದರೆ ನಿಯಂತ್ರಕ ಕೆಡುವ ಸಂಭವವಿದೆ.

ಎಂಜಿನ್ನಿನ ಹಾದಿ

ಎಂಜಿನ್ನಿನ ಬೆಲ್ಟಿನಿಂದ ತಿರುಗುವ ವಿದ್ಯುಜ್ಜನಕವನ್ನು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇಂದಿಗೂ ‘ಡೈನಮೋ’ ಎನ್ನುತ್ತಾರೆ. ಈಗಿನ ವಾಹನಗಳಲ್ಲಿರುವುದು ವಾಸ್ತವವಾಗಿ ಆಲ್ಟರ್ನೇಟರ್. ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ಪ್ರವಾಹವನ್ನು ಅದು ಹುಟ್ಟಿಸುತ್ತದೆ. ಅದರೊಳಗಿನ ಡಯೋಡುಗಳು ಆ ಪ್ರವಾಹವನ್ನು ಏಕಮುಖವಾಗಿಸುತ್ತವೆ. ಈ ಯಂತ್ರದ ಮೂಲ ಕಾಯಕ ಅಲ್ಪ: ಎಂಜಿನ್ನನ್ನು ಚಾಲನೆಗೊಳಿಸಿದಾಗ ಬ್ಯಾಟರಿ ಕಳೆದುಕೊಂಡ ಸ್ವಲ್ಪ ಶಕ್ತಿಯನ್ನು ಮರಳಿಸುವುದು, ದೀಪ ಮೊದಲಾದುವನ್ನು ನಡೆಸುವುದು. ತನ್ನ ಪೂರ್ಣ ಸಾಮರ್ಥ್ಯದಲ್ಲಿ ಗಂಟೆಗಟ್ಟಲೆ ದುಡಿಯಲು ಸಾಮಾನ್ಯ ಆಲ್ಟರ್ನೇಟರ್ ರಚಿತವಾಗಿಲ್ಲ.

ಸೀಸದ ಬ್ಯಾಟರಿಗೆ ಆಂತರಿಕ ಪ್ರತಿರೋಧ ಹೆಚ್ಚು. ಸ್ವಲ್ಪ ತುಂಬುತ್ತಲೇ ಅದು ಒಳಹರಿವನ್ನು ತಾನಾಗಿಯೇ ತಗ್ಗಿಸುತ್ತದೆ. ಲಿಥಿಯಂ ಬ್ಯಾಟರಿಯಾದರೋ, ಪ್ರತಿರೋಧ ಅತ್ಯಲ್ಪವಾದುದರಿಂದ, ಬಹುತೇಕ ತುಂಬುವವರೆಗೂ ಎಷ್ಟು ಕೊಟ್ಟರೆ ಅಷ್ಟನ್ನೂ ಎಳೆದುಕೊಳ್ಳುತ್ತದೆ. 120 ಆಂಪೇರಿನ ಆಲ್ಟರ್ನೇಟರಿಗೆ ಬರಿದಾದ ದೊಡ್ಡ ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಕಟ್ಟಿದರೆ ನೂರು ಆಂಪೇರ್ ಬಿಡುವಿಲ್ಲದೆ ಹರಿಯಬಹುದು. ವಾಹನ ನಿಂತು ಎಂಜಿನ್ನು ಮಂದವಾಗಿ ತಿರುಗುತ್ತಿದ್ದರೆ ಸ್ಥಿತಿ ಮತ್ತೂ ಕಠಿಣ. ಆಲ್ಟರ್ನೇಟರನ್ನು ತಣಿಸುವ ಬೀಸಣಿಗೆ ಅದರ ಅಚ್ಚಿನ ಮೇಲೆಯೇ ಇರುವುದರಿಂದ ಅದೂ ಮಂದವಾಗಿರುತ್ತದೆ. ಉಷ್ಣ ಏರಿ, ತಂತಿಯ ಸುರುಳಿಗಳ ಮೇಲಿನ ಲೇಪ ಸುಟ್ಟು, ಡಯೋಡುಗಳು ಕೆಡುತ್ತವೆ.

ಇದು ಕೇವಲ ಪುಸ್ತಕದ ಮಾತಲ್ಲ. ಉತ್ತರದ ಶೀತದೇಶವೊಂದರಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹಳೆಯ ಬ್ಯಾಟರಿಯನ್ನು ತೆಗೆದು ಅದೇ ತಂತಿಗಳಿಗೆ ಲಿಥಿಯಂ ಬ್ಯಾಟರಿಯನ್ನು ಸೇರಿಸಿದರು. “ಅದರ ಜಾಗದಲ್ಲಿ ಇದನ್ನು ಇಟ್ಟರೆ ಸಾಕು” ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರಂತೆ. ಮೂರನೆಯ ದಿನ ಮಲೆದಾರಿಯಲ್ಲಿ ಸುಟ್ಟ ವಾಸನೆ ಬಂದು, ಎಚ್ಚರಿಕೆಯ ಕೆಂಪು ದೀಪ ಹತ್ತಿ, ಸಂಜೆಯ ಹೊತ್ತಿಗೆ ವಾಹನ ನಿಂತಿತು. ಜೊತೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಹೊರಗೆ ಮಂಜು. ಸಹಾಯದ ವಾಹನ ಬರುವವರೆಗಿನ ಐದು ಗಂಟೆ ಆ ತಾಯಿತಂದೆಯರಿಗೆ ಐದು ಯುಗವಾಯಿತು. ದೈವಕೃಪೆಯಿಂದ ಯಾರಿಗೂ ಕೇಡಾಗಲಿಲ್ಲ. ಆದರೆ ಅಂಥ ಭರವಸೆಯ ಮಾತಿಗೆ ತೆರಬೇಕಾಗುವ ಬೆಲೆ ಏನೆಂಬುದು ಇದರಿಂದ ವೇದ್ಯವಾಗುತ್ತದೆ.

ಎರಡನೆಯ ಅಪಾಯವೂ ಒಂದುಂಟು. ಲಿಥಿಯಂ ಬ್ಯಾಟರಿಯ ಒಳಗೆ ‘ಬಿ.ಎಂ.ಎಸ್.’ ಎಂಬ ಕಾವಲು ವ್ಯವಸ್ಥೆ ಇರುತ್ತದೆ. ಒತ್ತಡವೋ ಹರಿವೋ ಉಷ್ಣವೋ ಮಿತಿಮೀರಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ರಭಸದಿಂದ ಹರಿಯುತ್ತಿರುವ ಕಾಲುವೆಗೆ ಥಟ್ಟನೆ ಅಡ್ಡಗಟ್ಟೆ ಬಿದ್ದರೆ ನೀರು ಹೇಗೆ ಹಾರುವುದೋ ಹಾಗೆ ಆಲ್ಟರ್ನೇಟರಿನ ಒತ್ತಡ ಒಮ್ಮೆಲೇ ಜಿಗಿದು ಡಯೋಡುಗಳನ್ನೂ ವಾಹನದ ಸೂಕ್ಷ್ಮ ಯಂತ್ರಾಂಶಗಳನ್ನೂ ಕೆಡಿಸಬಲ್ಲುದು.

ಮೂರನೆಯದಾಗಿ, ಇಂಧನ ಉಳಿಸುವ ಸಲುವಾಗಿ ಈಚಿನ ಅನೇಕ ವಾಹನಗಳಲ್ಲಿ ಆಲ್ಟರ್ನೇಟರಿನ ಒತ್ತಡವನ್ನು ಗಣಕವೊಂದು ಏರಿಳಿಸುತ್ತದೆ. ಸಮವೇಗದಲ್ಲಿ ಸಾಗುವಾಗ ಅದು ಹನ್ನೆರಡೂವರೆ ವೋಲ್ಟಿಗೆ ಇಳಿಯಬಹುದು; ಬ್ರೇಕು ಹಾಕಿದಾಗ ಹದಿನೈದರ ಸಮೀಪಕ್ಕೆ ಏರಬಹುದು. ಮೊದಲನೆಯದರಿಂದ ಲಿಥಿಯಂ ತುಂಬದು. ಎರಡನೆಯದು ಅದಕ್ಕೆ ಅತಿಯಾಗುತ್ತದೆ.

ಈ ಮೂರಕ್ಕೂ ಪರಿಹಾರ ಒಂದೇ: ಡಿಸಿ-ಡಿಸಿ ಚಾರ್ಜರ್. ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ಮೇಲೆ ಎಷ್ಟೇ ನೀರಿರಲಿ, ತೂಬು ಗೊತ್ತಾದಷ್ಟನ್ನೇ ಬಿಡುತ್ತದೆ. ಆಲ್ಟರ್ನೇಟರಿನ ಒತ್ತಡ ಏರಲಿ ಇಳಿಯಲಿ, ಈ ಚಾರ್ಜರು ಲಿಥಿಯಂಗೆ ಬೇಕಾದ 14.2ರಿಂದ 14.6 ವೋಲ್ಟಿನೊಳಗೆ, ನಿಗದಿಯಾದ ಹರಿವಿನಲ್ಲಿ ಮಾತ್ರ ತುಂಬುತ್ತದೆ. ಬಿ.ಎಂ.ಎಸ್. ಸಂಪರ್ಕ ಕಡಿದರೂ ಅದರ ಆಘಾತ ಆಲ್ಟರ್ನೇಟರಿಗೆ ನೇರವಾಗಿ ತಟ್ಟದು. ಎಂಜಿನ್ನು ಓಡುತ್ತಿರುವಾಗ ಮಾತ್ರ ಕೆಲಸ ಮಾಡುವಂತೆ ಇದಕ್ಕೊಂದು ಸಂಜ್ಞೆಯ ತಂತಿಯನ್ನು ಕೊಡಬೇಕು. ಇಲ್ಲವಾದರೆ ನಿಂತಾಗಲೂ ಎಳೆದು ವಾಹನದ ಮೂಲ ಬ್ಯಾಟರಿಯನ್ನು ಬರಿದುಮಾಡೀತು. ಚಾರ್ಜರಿನ ಗಾತ್ರ ಆಲ್ಟರ್ನೇಟರಿನ ಸಾಮರ್ಥ್ಯದ ಅರ್ಧವನ್ನು ಮೀರದಿರುವುದು ಕ್ಷೇಮ; ಇನ್ನೂ ಕಡಿಮೆಯಾದರೆ ಮತ್ತೂ ಲೇಸು.

ಎರಡು ಕಾಲುವೆ, ಒಂದು ಕೆರೆ

ಇನ್ನು ಎರಡೂ ಒಟ್ಟಿಗೆ ದುಡಿಯುವ ಪ್ರಸಂಗ. ಬಿಸಿಲಿನಲ್ಲಿ ವಾಹನ ಓಡುತ್ತಿದೆ. ಫಲಕದಿಂದಲೂ ಎಂಜಿನ್ನಿನಿಂದಲೂ ವಿದ್ಯುತ್ತು ಏಕಕಾಲದಲ್ಲಿ ಬರುತ್ತಿದೆ. ಇವೆರಡೂ ಕಾದಾಡುವುದಿಲ್ಲವೇ ಎಂಬುದು ಅನೇಕರ ಸಂದೇಹ. ಕಾದಾಡುವುದಿಲ್ಲ. ಎರಡೂ ತಮ್ಮ ತಮ್ಮ ನಿಯಂತ್ರಕಗಳ ಮೂಲಕ ಒಂದೇ ಬ್ಯಾಟರಿಗೆ ಪ್ರತ್ಯೇಕವಾಗಿ ಸೇರುವುದರಿಂದ, ಎರಡು ಕಾಲುವೆಗಳು ಒಂದು ಕೆರೆಗೆ ಬಂದು ಬೀಳುವಂತೆ, ಹರಿವುಗಳು ಕೂಡಿಕೊಳ್ಳುತ್ತವೆ. ಆದರೆ ಮೂರು ವಿಷಯಗಳಲ್ಲಿ ಎಚ್ಚರವಿರಬೇಕು.

ಮೊದಲನೆಯದು, ಒಟ್ಟು ಹರಿವು. ನೂರು ಆಂಪೇರ್-ಗಂಟೆಯ ಲಿಥಿಯಂ ಬ್ಯಾಟರಿಗೆ ಐವತ್ತು ಆಂಪೇರಿನವರೆಗೆ ತುಂಬಬಹುದೆಂದು ಸಾಮಾನ್ಯವಾಗಿ ನಿರ್ದೇಶಿಸಿರುತ್ತಾರೆ. ಎಂಜಿನ್ನಿನ 30, ಸೂರ್ಯನ 14 ಸೇರಿ 44; ಮಿತಿಯೊಳಗಿದೆ. ಚಾರ್ಜರು 50ರದಾಗಿದ್ದರೆ ಒಟ್ಟು 64 ಆಗಿ ಮಿತಿಮೀರುತ್ತಿತ್ತು. ಎರಡನ್ನೂ ಬೇರೆ ಬೇರೆಯಾಗಿ ನೋಡಿ ಸರಿಯೆಂದು ತೀರ್ಮಾನಿಸಿದವರು ಮೊತ್ತವನ್ನು ಮರೆಯುವುದುಂಟು.

ಎರಡನೆಯದು, ಒತ್ತಡದ ಒಮ್ಮತ. ಎರಡೂ ನಿಯಂತ್ರಕಗಳಿಗೆ ತುಂಬುವ ಒತ್ತಡವನ್ನು ಒಂದೇ ಅಂಕಿಗೆ ಗೊತ್ತುಮಾಡಬೇಕು. ಒಂದು 14.4, ಇನ್ನೊಂದು 13.8 ಎಂದಿದ್ದರೆ, ಮೊದಲನೆಯದು ಒತ್ತಡವನ್ನು ಏರಿಸಿದೊಡನೆ ಎರಡನೆಯದು ಬ್ಯಾಟರಿ ತುಂಬಿತೆಂದು ಭ್ರಮಿಸಿ ಹಿಂದೆ ಸರಿಯುತ್ತದೆ. ಸೀಸಕ್ಕೆಂದೇ ರಚಿತವಾದ ಹಳೆಯ ಕ್ರಮದಲ್ಲಿ ಎರಡನ್ನೂ ಬಿಡಲಾಗದು.

ಮೂರನೆಯದು, ತಂತಿ ಮತ್ತು ಫ್ಯೂಸು. ಚಾರ್ಜರು 30 ಆಂಪೇರ್ ಕೊಡಬೇಕಾದರೆ ಆಲ್ಟರ್ನೇಟರಿನ ಕಡೆಯಿಂದ 35ರಷ್ಟು ಎಳೆಯುತ್ತದೆ. ವಾಹನದ ಮುಂಭಾಗದಿಂದ ಹಿಂಭಾಗಕ್ಕೆ ಐದು ಮೀಟರ್, ಹೋಗಿ ಬರುವ ದಾರಿ ಹತ್ತು ಮೀಟರ್. ಆರು ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ದಾರಿಯಲ್ಲಿಯೇ ಒಂದು ವೋಲ್ಟು ನಷ್ಟವಾಗಿ ತಂತಿ ಬಿಸಿಯಾಗುತ್ತದೆ; ಹದಿನಾರರದಾದರೆ ನಷ್ಟ 0.4 ವೋಲ್ಟಿನೊಳಗೆ. ತಂತಿಯ ಎರಡೂ ತುದಿಗಳಲ್ಲಿ ಬ್ಯಾಟರಿಗಳಿರುವುದರಿಂದ, ಎರಡೂ ಬ್ಯಾಟರಿಗಳ ಸಮೀಪದಲ್ಲಿಯೇ ಒಂದೊಂದು ಫ್ಯೂಸು ಇರತಕ್ಕದ್ದು. ಲಿಥಿಯಂ ಬ್ಯಾಟರಿಯ ಧನ ಋಣಗಳು ಅಕಸ್ಮಾತ್ತಾಗಿ ತಾಗಿದರೆ ಸಾವಿರಾರು ಆಂಪೇರ್ ನುಗ್ಗಬಹುದು. ಅಷ್ಟನ್ನು ತಡೆದು ಕಡಿಯಬಲ್ಲ ಫ್ಯೂಸನ್ನೇ ಆರಿಸಬೇಕು. ಫ್ಯೂಸಿನಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ. ಸೀಸದ ಬ್ಯಾಟರಿಯ ಒತ್ತಡವನ್ನು ಅಳೆದು ಎಷ್ಟು ಉಳಿದಿದೆಯೆಂದು ಅಂದಾಜಿಸಬಹುದು. ಲಿಥಿಯಂನದು ಎಂಬತ್ತು ಪಾಲಿರುವಾಗಲೂ ಮೂವತ್ತು ಪಾಲಿರುವಾಗಲೂ ಹದಿಮೂರು ವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಆದ್ದರಿಂದ ಒಳಬಂದುದನ್ನೂ ಹೊರಹೋದುದನ್ನೂ ಎಣಿಸಿ ಶೇಷವನ್ನು ತೋರಿಸುವ ಮಾಪಕ ಅಗತ್ಯ. ಮುಖ ನೋಡಿ ಸಿರಿತನ ಅಳೆಯಲಾಗದು. ಜಮಾಖರ್ಚಿನ ಪುಸ್ತಕವನ್ನೇ ನೋಡಬೇಕು.

ಶೀತೋಷ್ಣದ ವಿಚಾರ

ಈ ಬ್ಯಾಟರಿಯ ದೊಡ್ಡ ವೈರಿ ಹಿಮ. ಶೂನ್ಯ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇದರಿಂದ ವಿದ್ಯುತ್ತನ್ನು ತೆಗೆಯಬಹುದು, ತುಂಬಲಾಗದು. ತುಂಬುವಾಗ ಲಿಥಿಯಂ ಅಯಾನುಗಳು ಕಾರ್ಬನ್ ಪದರಗಳ ನಡುವೆ ಸೇರಿಕೊಳ್ಳಬೇಕು. ಅತಿಶೀತದಲ್ಲಿ ಅವು ಒಳಸೇರದೆ ಮೇಲ್ಮೈಯಲ್ಲಿಯೇ ಲೋಹವಾಗಿ ಲೇಪಗೊಳ್ಳುತ್ತವೆ. ಈ ಹಾನಿ ಶಾಶ್ವತ. ಮಂಜಿನ ಮುಂಜಾವಿನಲ್ಲಿ ಎಂಜಿನ್ನು ಹೊರಟೊಡನೆ ಚಾರ್ಜರು ತುಂಬತೊಡಗುವುದರಿಂದ ಈ ಅಪಾಯ ಎಂಜಿನ್ನಿನ ಹಾದಿಯಲ್ಲಿಯೇ ಹೆಚ್ಚು. ಆದಕಾರಣ ಶೀತದಲ್ಲಿ ತುಂಬುವಿಕೆಯನ್ನು ತಡೆಯುವ ಬಿ.ಎಂ.ಎಸ್. ಅಥವಾ ಬ್ಯಾಟರಿಯನ್ನು ಮೊದಲು ಬೆಚ್ಚಗಾಗಿಸುವ ವ್ಯವಸ್ಥೆ ಇರಬೇಕು. ಬ್ಯಾಟರಿಯನ್ನು ವಾಹನದ ಹೊರಮೈಗೆ ಕಟ್ಟದೆ ಒಳಗೆ ಇರಿಸಬೇಕು.

ನಮ್ಮ ನಾಡಿನಲ್ಲಿ ಸಮಸ್ಯೆ ತಿರುವುಮುರುವು. ರಾಯಚೂರು, ಕಲಬುರಗಿಗಳ ವೈಶಾಖದ ಬಿಸಿಲಿನಲ್ಲಿ ಹೊರಗೇ ನಲವತ್ತು ಡಿಗ್ರಿ ಮೀರುವಾಗ ಮುಚ್ಚಿದ ವಾಹನದ ಒಳಗೆ ಇನ್ನೂ ಹೆಚ್ಚು. ತುಂಬುವಿಕೆಗೆ ಸಾಮಾನ್ಯವಾಗಿ 45ರಿಂದ 55 ಡಿಗ್ರಿ ಮೇಲ್ಮಿತಿ. ಬಿಸಿಯಲ್ಲಿ ಪೂರ್ಣ ತುಂಬಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಬಳಸದೆ ಇಡುವುದಾದರೆ ಅರ್ಧದಷ್ಟು ತುಂಬಿ ನೆರಳಿನಲ್ಲಿ ಇಡುವುದು ಕ್ರಮ.

ನಮಗೆ ಇದರಿಂದ ಏನು?

ಸಂಚಾರಿ ಗೃಹ ನಮ್ಮ ನಾಡಿನಲ್ಲಿ ಇನ್ನೂ ವಿರಳ. ಆದರೆ ಸಂಚಾರಿ ಗ್ರಂಥಾಲಯ, ಸಂಚಾರಿ ಚಿಕಿತ್ಸಾಲಯ, ವಿಜ್ಞಾನ ಪ್ರದರ್ಶನದ ವಾಹನ ಇವುಗಳಿಗೆ ಬೇಕಾದುದೂ ಇದೇ ವಿದ್ಯೆ. ಶಾಲೆ ಕಚೇರಿಗಳಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ಸಾಕುವ ಇನ್ವರ್ಟರಿನ ಬ್ಯಾಟರಿಗಳ ಸ್ಥಾನಕ್ಕೂ ಲಿಥಿಯಂ ಬರುತ್ತಿದೆ. ಹಳೆಯ ಚಾರ್ಜರು ಅದಕ್ಕೆ ಹೊಂದುವುದೇ ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಉದಾರಿಗಳಾದ ದಾನಿಗಳಲ್ಲಿ ಒಂದು ವಿಜ್ಞಾಪನೆ: ಇಂಥ ವಾಹನವನ್ನೋ ಬ್ಯಾಟರಿಯನ್ನೋ ಸಂಸ್ಥೆಯೊಂದಕ್ಕೆ ಕೊಡುವಾಗ ಬ್ಯಾಟರಿಯ ಬೆಲೆಯೊಡನೆ ತಕ್ಕ ಚಾರ್ಜರು, ಫ್ಯೂಸು, ತಂತಿ, ಮಾಪಕಗಳ ಬೆಲೆಯನ್ನೂ ಸೇರಿಸಿ ಕೊಡಿರಿ. ಬ್ಯಾಟರಿ ಕಣ್ಣಿಗೆ ಕಾಣುವ ಕೊಡುಗೆ, ಮಿಕ್ಕವು ಕಾಣದವು. ಆದರೆ ಆ ಕಾಣದ ವಸ್ತುಗಳೇ ಕಾಣುವ ಕೊಡುಗೆಯನ್ನು ಕಾಯುವಂಥವು. ವಿದೇಶದಲ್ಲಿರುವ ನಮ್ಮ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು: ಮಾರುವವನ ಭರವಸೆಯೊಂದನ್ನೇ ನಂಬಬೇಡಿರಿ; ಬ್ಯಾಟರಿಯ ಕೈಪಿಡಿಯಲ್ಲಿರುವ ಅಂಕಿಗಳನ್ನು ಓದಿ, ಬಲ್ಲವರಿಂದ ಕೆಲಸ ಮಾಡಿಸಿರಿ. ಹಿಂದಿನ ಆಸನಗಳಲ್ಲಿ ನಿದ್ರಿಸುತ್ತಿರುವ ಮಕ್ಕಳಿಗೆ ಈ ಲೆಕ್ಕ ತಿಳಿಯದು. ಅವರ ಪರವಾಗಿ ನೀವೇ ತಿಳಿದಿರಬೇಕು.

ಶರಣಧರ್ಮ ನಮಗೆ ಕಲಿಸಿದ ಎರಡು ಮಾತುಗಳು ಕಾಯಕ ಮತ್ತು ದಾಸೋಹ. ದುಡಿದು ತರುವುದು ಒಂದು, ತಂದುದನ್ನು ಹಂಚುವುದು ಇನ್ನೊಂದು. ಸೂರ್ಯನೂ ಎಂಜಿನ್ನೂ ದುಡಿದು ತರುತ್ತವೆ. ಬ್ಯಾಟರಿ ಎಲ್ಲ ಸಲಕರಣೆಗಳಿಗೂ ಹಂಚುತ್ತದೆ. ಇವುಗಳ ನಡುವೆ ಇರಬೇಕಾದುದು ಮಿತಿಯ ಅರಿವು. ದುಡಿಯುವವನ ಶಕ್ತಿಯನ್ನರಿಯದೆ ಎಳೆದುಕೊಂಡರೆ ದುಡಿಯುವವನೇ ಸುಟ್ಟುಹೋಗುತ್ತಾನೆ. ಪಡೆಯುವವನ ಹದವನ್ನರಿಯದೆ ತುಂಬಿದರೆ ಪಡೆದವನು ಕೆಡುತ್ತಾನೆ. ಈ ಅರಿವು ಯಂತ್ರಗಳಿಗೂ ಬೇಕು, ಅವುಗಳನ್ನು ನಡೆಸುವವರಿಗೂ ಬೇಕು. ಶ್ರೀಮಠದ ನೆರಳಿನಲ್ಲಿ ಅಕ್ಷರ ಕಲಿತು ದೇಶಾಂತರಗಳಲ್ಲಿ ಸಂಚರಿಸುವ ನಮ್ಮ ಎಲ್ಲ ಮಕ್ಕಳ ಪಯಣ ಸುಖಕರವಾಗಲಿ, ಅವರ ಸಂಚಾರಿ ಗೃಹದ ದೀಪ ಇರುಳೆಲ್ಲ ಬೆಳಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.